ಎರಡು ಮನೆತನದ ಆಮೆಗಳು

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಬ್ದಮಂಜರಿಯನ್ನೂ ಅಮರಕೋಶವನ್ನೂ ಬಾಲಕರ ಬಾಯಿಗೆ ಬರಿಸುತ್ತಿದ್ದ ಉಪಾಧ್ಯಾಯನೊಬ್ಬನು ನಿವೃತ್ತನಾದ ಮೇಲೆ ಪ್ಲಾಸ್ಟಿಕ್ಕಿನ ಆಮೆಗೊಂಬೆಗಳ ತಾರತಮ್ಯವನ್ನು ಕುರಿತು ಬರೆಯ ಹೊರಟನೆಂದರೆ ವಾಚಕ ಮಹಾಶಯರಿಗೆ ನಗು ಬರಬಹುದು. ಬರಲಿ. ಮನೆಯಲ್ಲಿ ಮಕ್ಕಳಿರುವವರಿಗೆ ಮಾತ್ರ ಈ ವಿಷಯವು ಕ್ಷುಲ್ಲಕವಾಗಿ ತೋರಲಾರದು. ದೊಡ್ಡವರು ಗದ್ದೆಯ ಬದುವಿಗಾಗಿ ಜಗಳವಾಡುವರು, ಚಿಕ್ಕವರು ಗೊಂಬೆಗಾಗಿ. ಎರಡು ಕಡೆಯಲ್ಲಿಯೂ ಕೇಳಿಬರುವ ಮಾತು ಒಂದೇ: ‘ನನ್ನದು ನಿಜವಾದದ್ದು, ನಿನ್ನದು ಸುಳ್ಳು.’ ಈ ಕಡೆಯ ಶಬ್ದವೇ ನಮ್ಮ ಕೈಗೆ ಲೇಖನಿಯನ್ನು ಕೊಟ್ಟಿರುವುದು.

ಮೊದಲು ಆಮೆಗಳ ಪೂರ್ವೋತ್ತರವನ್ನು ತಿಳಿಸಬೇಕು. 1983ನೆಯ ಇಸವಿಯ ಕಡೆಯ ಭಾಗದಲ್ಲಿ, ಅಮೆರಿಕಾ ದೇಶದ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಡೋವರ್ ಎಂಬ ಊರಿನಲ್ಲಿ, ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು ತರುಣ ಚಿತ್ರಗಾರರು ಒಂದು ರಾತ್ರಿ ವಿನೋದಕ್ಕಾಗಿ, ಎರಡು ಕಾಲಿನ ಮೇಲೆ ನಿಂತು ಆಯುಧವನ್ನು ಧರಿಸಿದ ಆಮೆಯೊಂದರ ಚಿತ್ರವನ್ನು ಬರೆದರು. ಆಮೆಯೆಂದರೆ ಮಂದಗತಿ, ನಿಂಜಾ ಎಂದರೆ ಜಪಾನು ದೇಶದ ಮಿಂಚಿನ ವೇಗದ ಗೂಢಯೋಧ. ಈ ವಿರೋಧಾಲಂಕಾರವೇ ಅವರ ನಗೆಗೆ ಕಾರಣ. 1984ರ ಮೇ ತಿಂಗಳಿನಲ್ಲಿ ಅವರು ಸಾಲದ ಹಣವನ್ನೂ ಸೇರಿಸಿಕೊಂಡು ಕಪ್ಪು ಬಿಳುಪಿನ ಚಿತ್ರಕಥೆಯೊಂದರ ಸುಮಾರು 3,000 ಪ್ರತಿಗಳನ್ನು ಅಚ್ಚುಹಾಕಿಸಿದರು. ಪ್ರಕಾಶಕರ ಹೆಸರು ‘ಮಿರಾಜ್ ಸ್ಟುಡಿಯೋ’ ಎಂದಿತ್ತು, ಎಂದರೆ ಮರೀಚಿಕೆ. ಸ್ಟುಡಿಯೋ ಎಂಬುದು ವಾಸ್ತವವಾಗಿ ಇಲ್ಲದಿದ್ದುದರಿಂದ ಆ ಹೆಸರು ಅನ್ವರ್ಥವೇ ಆಯಿತು.

ಕಥೆಯಲ್ಲಿ ಆಮೆಗಳು ನಾಲ್ಕು. ಊರಿನ ಚರಂಡಿಯ ಸುರಂಗದಲ್ಲಿ ವಾಸ. ಹೆಸರುಗಳು ಮಾತ್ರ ಇಟಲಿ ದೇಶದ ಮಹಾಶಿಲ್ಪಿಗಳವೂ ಚಿತ್ರಕಾರರವೂ ಆದ ಲಿಯೊನಾರ್ಡೊ, ಮೈಕೆಲೇಂಜಲೊ, ಡೊನಟೆಲೊ, ರಫಾಯೆಲ್ ಎಂಬುವು. ಇವರಿಗೆ ವಿದ್ಯೆಯನ್ನು ಕಲಿಸಿದ ಗುರು ಸ್ಪ್ಲಿಂಟರ್ ಎಂಬ ಮುದಿ ಇಲಿ. ನಮ್ಮ ದೇಶದಲ್ಲಿ ಮೂಷಿಕಕ್ಕೆ ವಿಘ್ನೇಶ್ವರನನ್ನು ಹೊರುವ ಭಾಗ್ಯ ದೊರೆತಿರುವುದು; ಅಲ್ಲಿ ಅದು ಉಪಾಧ್ಯಾಯವೃತ್ತಿಯನ್ನು ಹಿಡಿಯಿತು. ಎರಡರಲ್ಲಿ ಯಾವುದು ಹೆಚ್ಚಿನ ಭಾರವೆಂಬುದನ್ನು ನಾವು ಹೇಳಲೊಲ್ಲೆವು.

1987ರ ಡಿಸೆಂಬರಿನಲ್ಲಿ ಈ ಕಥೆ ಕಾರ್ಟೂನ್ ಚಿತ್ರವಾಗಿ ಟೆಲಿವಿಷನ್ನಿನಲ್ಲಿ ಬಂದಿತು. ಮೂಲ ಪುಸ್ತಕದಲ್ಲಿ ನಾಲ್ವರ ಕಣ್ಣುಪಟ್ಟಿಯೂ ಕೆಂಪಿನದೇ. ಕಾರ್ಟೂನಿನಲ್ಲಿ ಮಕ್ಕಳು ಗುರುತುಹಿಡಿಯಲೆಂದು ಲಿಯೊನಾರ್ಡೊವಿಗೆ ನೀಲಿ, ರಫಾಯೆಲನಿಗೆ ಕೆಂಪು, ಡೊನಟೆಲೊವಿಗೆ ನೇರಳೆ, ಮೈಕೆಲೇಂಜಲೊವಿಗೆ ಕಿತ್ತಿಳೆ ಎಂದು ಹಂಚಿದರು. ಇಂಗ್ಲೆಂಡಿನಲ್ಲಿ ‘ನಿಂಜಾ’ ಎಂಬ ಶಬ್ದವೇ ಮಕ್ಕಳನ್ನು ಕೆಡಿಸುವುದೆಂದು ಹೆದರಿ ಅದನ್ನು ತೆಗೆದು ‘ವೀರ ಆಮೆಗಳು’ ಎಂದು ಮಾಡಿದರಂತೆ! 2009ರಲ್ಲಿ ಕಥೆಯ ಹಕ್ಕೆಲ್ಲವೂ ನಿಕಲೋಡಿಯನ್ ಎಂಬ ಮಕ್ಕಳ ಟೆಲಿವಿಷನ್ ಸಂಸ್ಥೆಯ ಒಡೆಯರ ಪಾಲಾಯಿತು. 2012ರಲ್ಲಿ ಹೊಸ ಕಾರ್ಟೂನ್ ಮಾಲೆ ಹೊರಟಿತು. ಅದರ ಬೆನ್ನಿಗೇ, 2013ರಲ್ಲಿ, ಡೆನ್ಮಾರ್ಕ್ ದೇಶದ ಲೆಗೋ ಕಂಪೆನಿಯವರು ಅನುಮತಿಯನ್ನು ಪಡೆದು, ಒಂದಕ್ಕೊಂದು ಸಿಕ್ಕಿಸುವ ತಮ್ಮ ಇಟ್ಟಿಗೆಗಳೊಡನೆ ಈ ನಾಲ್ವರ ಗೊಂಬೆಗಳನ್ನು ಮಾರಿದರು. ಎರಡು ವರ್ಷವಾದ ಮೇಲೆ ಅವರು ನಿಲ್ಲಿಸಿದರು. ಕೆನಡಾ ದೇಶದ ಮೆಗಾ ಬ್ಲಾಕ್ಸ್ ಎಂಬ ಪ್ರತಿಸ್ಪರ್ಧಿಗಳು ಅದೇ ನಾಲ್ವರನ್ನು ತಮ್ಮ ಇಟ್ಟಿಗೆಗಳೊಡನೆ ಮಾರಿದರು. ಹೀಗೆ ಒಬ್ಬನೇ ಲಿಯೊನಾರ್ಡೊ ಎರಡು ಮನೆತನಗಳಲ್ಲಿ ಜನಿಸಿದನು.

ದೈವಯೋಗದಿಂದ ಈ ಎರಡು ಮನೆತನಗಳೂ ನಮ್ಮ ನಡುಮನೆಯಲ್ಲಿ ಸಂಧಿಸಿದುವು. ಅಮೆರಿಕಾದಲ್ಲಿರುವ ನಮ್ಮ ಅಣ್ಣನ ಮಗನ ಮಕ್ಕಳು ಬೆಳೆದು ಗೊಂಬೆಯ ವಯಸ್ಸನ್ನು ದಾಟಿದುದರಿಂದ ಅವರ ಲೆಗೋ ಪೆಟ್ಟಿಗೆಯು ಕಳೆದ ವರ್ಷ ನಮ್ಮ ಮಗನ ಮಗನಿಗೆ ಬಂದಿತು. ಅದರಲ್ಲಿ ನಾಲ್ಕು ಆಮೆಗಳೂ ಗುರುವಾದ ಇಲಿಯೂ ಇದ್ದುವು. ನಮ್ಮ ಮಗಳ ಮಗ ಇವನಿಗಿಂತ ಎರಡು ವರ್ಷ ಚಿಕ್ಕವನು. ತನಗೂ ಆಮೆಗಳು ಬೇಕೆಂದು ಹಟಹಿಡಿದಾಗ ಅಳಿಯಂದಿರು ತಮ್ಮ ಕಛೇರಿಯ ಸ್ನೇಹಿತರೊಬ್ಬರ ಮೂಲಕ ಮೆಗಾ ಬ್ಲಾಕ್ಸಿನ ನಾಲ್ಕನ್ನು ತರಿಸಿಕೊಟ್ಟರು. ಅಳಿಯಂದಿರದು ಚಿಕ್ಕ ಸಂಬಳ. ಮಗುವಿಗಾಗಿ ಅವರು ಯಾವ ಖರ್ಚನ್ನು ಬಿಟ್ಟರೆಂಬುದು ನಮಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಬೇಸಗೆಯ ರಜಾಕ್ಕೆ ಇಬ್ಬರೂ ನಮ್ಮಲ್ಲಿಗೆ ಬಂದರು. ಚಿಕ್ಕವನು ಹಿಗ್ಗಿನಿಂದ ಚೀಲವನ್ನು ಬಿಚ್ಚಿ ತನ್ನ ಆಮೆಗಳನ್ನು ಚಾಪೆಯ ಮೇಲೆ ನಿಲ್ಲಿಸಿದನು. ದೊಡ್ಡವನು ಒಂದನ್ನು ಎತ್ತಿ, ತಿರುಗಿಸಿ ನೋಡಿ, ‘ಇದು ಲೆಗೋ ಅಲ್ಲ ಕಣೋ, ಡೂಪ್ಲಿಕೇಟು’ ಎಂದನು.

ಅಷ್ಟೇ. ಹೊಡೆದಾಟವಿಲ್ಲ, ಅಳುವಿಲ್ಲ. ಚಿಕ್ಕವನು ನಾಲ್ಕನ್ನೂ ಚೀಲಕ್ಕೆ ತುಂಬಿ ಮಂಚದ ಕೆಳಕ್ಕೆ ತಳ್ಳಿದನು. ಮಾರನೆಯ ದಿವಸವೂ ತೆಗೆಯಲಿಲ್ಲ. ‘ಯಾಕಪ್ಪಾ, ಆಡುವುದಿಲ್ಲವೆ?’ ಎಂದು ಅವನ ಅಜ್ಜಿ ಕೇಳಿದುದಕ್ಕೆ, ‘ಅವು ನಿಜವಾದವಲ್ಲ ಅಜ್ಜಿ’ ಎಂದನಂತೆ. ರಾತ್ರಿ ಊಟಕ್ಕೆ ಕುಳಿತಾಗ, ‘ತಾತಾ, ನಮ್ಮಪ್ಪನಿಗೆ ಅಂಗಡಿಯವನು ಮೋಸಮಾಡಿದನೇ?’ ಎಂದು ನಮ್ಮನ್ನೂ ಕೇಳಿದನು. ಎಂಟು ವರ್ಷದ ಹುಡುಗನ ಮನಸ್ಸಿನಲ್ಲಿ ತನ್ನ ತಂದೆಯು ಮೋಸಹೋದವನಾಗಿ ಉಳಿಯುವುದು ಸಣ್ಣ ಸಂಗತಿಯಲ್ಲ. ಡೂಪ್ಲಿಕೇಟೆಂಬ ಮಾತು ನಿಜವೋ ಅಲ್ಲವೋ ಎಂಬುದನ್ನು ವಿಚಾರಿಸಿ ಹೇಳುತ್ತೇವೆಂದು ಮಾತುಕೊಟ್ಟೆವು. ವಾರದವರೆಗೆ ಅದೇ ನಮ್ಮ ವ್ಯಾಸಂಗವಾಯಿತು.

ವಿಚಾರಿಸಿದಷ್ಟೂ ವಿಷಯವು ಸ್ವಾರಸ್ಯವಾಗುತ್ತ ಹೋಯಿತು. ಲೆಗೋ ಮನೆತನದ ಮೂಲಪುರುಷನು ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ. 1932ರಲ್ಲಿ ಬಿಲುಂಡ್ ಎಂಬ ಹಳ್ಳಿಯಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದನು. ಎರಡು ವರ್ಷದ ಮೇಲೆ ಇಟ್ಟ ಹೆಸರು ‘ಲೆಗ್ ಗೊಟ್’ ಎಂಬ ಡೇನಿಷ್ ಮಾತಿನ ಸಂಕ್ಷೇಪ. ‘ಚೆನ್ನಾಗಿ ಆಡು’ ಎಂದು ಅರ್ಥ. ಪ್ಲಾಸ್ಟಿಕ್ಕಿನ ಕೂಡಿಕೆಯ ಇಟ್ಟಿಗೆಯನ್ನು ಅವರು ಹೊರತಂದದ್ದು 1949ರಲ್ಲಿ. ಆದರೆ ಅದಕ್ಕೂ ಎರಡು ವರ್ಷ ಮುಂಚೆ ಇಂಗ್ಲೆಂಡಿನ ಹಿಲರಿ ಫಿಷರ್ ಪೇಜ್ ಎಂಬುವನು ಕಿಡಿಕ್ರಾಫ್ಟ್ ಎಂಬ ಹೆಸರಿನಲ್ಲಿ ಅಂತಹ ಇಟ್ಟಿಗೆಗಳನ್ನು ಮಾರುತ್ತಿದ್ದನು; ಅವುಗಳ ಮಾದರಿಯನ್ನು ನೋಡಿಯೇ ಡೇನರು ಅಳತೆಯನ್ನು ತುಸು ಬದಲಾಯಿಸಿ ತಮ್ಮದನ್ನು ಮಾಡಿದ್ದು. ಮೇಲ್ಗಡೆ ಗುಬುಟುಗಳು ಮಾತ್ರವಿದ್ದ ಆ ಟೊಳ್ಳು ಇಟ್ಟಿಗೆಯ ಒಳಕ್ಕೆ ಕೊಳವೆಗಳನ್ನು ಸೇರಿಸಿ, ಕೂಡಿಸಿದುದು ಬಿಗಿಯಾಗಿ ನಿಲ್ಲುವಂತೆ ಮಾಡಿದ್ದು ಅವರ ಸ್ವಂತ ಬುದ್ಧಿ. 1958ರ ಜನವರಿ 28ರಂದು ಅದಕ್ಕೆ ಪೇಟೆಂಟನ್ನು ಕೋರಿದರು. ಮುಂದೆ 1981ರಲ್ಲಿ ಕಿಡಿಕ್ರಾಫ್ಟ್ ಇಟ್ಟಿಗೆಯ ಹಕ್ಕನ್ನೂ ಅವರೇ ಕೊಂಡುಕೊಂಡರು. ದೊಡ್ಡವನು ಯಾವುದನ್ನು ‘ಒರಿಜಿನಲ್’ ಎಂದು ಎದೆಗವಚಿಕೊಂಡಿದ್ದನೋ ಆ ವಂಶಕ್ಕೂ ಹೀಗೊಂದು ಪೂರ್ವಕಥೆಯಿದೆ.

ಇತ್ತ ಮೆಗಾ ಬ್ಲಾಕ್ಸ್ ಕಂಪೆನಿಯನ್ನು 1967ರಲ್ಲಿ ಮಾಂಟ್ರಿಯಲ್ ನಗರದಲ್ಲಿ ವಿಕ್ಟರ್ ಬರ್ಟ್ರಾಂಡ್ ಮತ್ತು ಅವನ ಹೆಂಡತಿ ರೀಟಾ ಸ್ಥಾಪಿಸಿದರು. ಅದಕ್ಕೆ ಅವರು ಇಟ್ಟ ಹೆಸರನ್ನು ಓದಿ ನಾವು ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ನೋಡಿದೆವು: ‘ರಿತ್ವಿಕ್’! ಯಜ್ಞದಲ್ಲಿ ಪೌರೋಹಿತ್ಯ ವಹಿಸುವ ಋತ್ವಿಜನಿಗೂ ಕೆನಡಾದ ಆಟಿಕೆಯ ಕಾರ್ಖಾನೆಗೂ ಎತ್ತಣ ಸಂಬಂಧ? ವಿಷಯವಿಷ್ಟೆ: ಹೆಂಡತಿಯ ಹೆಸರಿನ ಮೊದಲಕ್ಷರಗಳಿಗೆ ಗಂಡನ ಹೆಸರಿನವನ್ನು ಹೊಂದಿಸಿದರು, ಸಮಾಸವು ತಾನಾಗಿಯೇ ಸಂಸ್ಕೃತವಾಯಿತು. ಪೂರ್ವಪದದಲ್ಲಿ ಗೃಹಿಣಿಯನ್ನಿಟ್ಟದ್ದು ಸೀತಾರಾಮ, ಗೌರೀಶಂಕರ ಎಂಬ ನಮ್ಮ ಸಂಪ್ರದಾಯಕ್ಕೂ ಒಪ್ಪುವಂತಿದೆ.

ಈ ಎರಡು ಮನೆತನಗಳೂ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತದೆ ಇರಲಿಲ್ಲ. ಪೇಟೆಂಟಿನ ಅವಧಿ ಮುಗಿದ ಮೇಲೆ ಮೆಗಾದವರು ಲೆಗೋ ಇಟ್ಟಿಗೆಗೆ ಹೊಂದುವಂತಹ ಇಟ್ಟಿಗೆಗಳನ್ನು ಮಾಡಿದರು. ಮೇಲಿನ ಗುಬುಟುಗಳ ವಿನ್ಯಾಸವೇ ತಮ್ಮ ವ್ಯಾಪಾರಮುದ್ರೆ, ಅದನ್ನು ಬೇರೊಬ್ಬರು ಬಳಸಕೂಡದೆಂದು ಲೆಗೋದವರು ವಾದಿಸಿದರು. ಕೆನಡಾದ ಸುಪ್ರೀಂ ಕೋರ್ಟು 2005ರ ನವೆಂಬರ್ 17ರಂದು ಏಕಮತದಿಂದ ಆ ವಾದವನ್ನು ತಳ್ಳಿಹಾಕಿತು. ಗುಬುಟು ಇರುವುದು ಇಟ್ಟಿಗೆಗಳು ಕೂಡಿಕೊಳ್ಳುವುದಕ್ಕಾಗಿ, ಗುರುತಿಗಾಗಿ ಅಲ್ಲ. ಪೇಟೆಂಟು ಮುಗಿದ ಉಪಾಯವು ಸರ್ವರ ಸೊತ್ತು. ಮುದ್ರೆಯ ಹೆಸರಿನಲ್ಲಿ ಅದನ್ನು ಮತ್ತೆ ಬೇಲಿಹಾಕಿಕೊಳ್ಳುವಂತಿಲ್ಲವೆಂಬುದು ತೀರ್ಪಿನ ತಾತ್ಪರ್ಯ. ಯೂರೋಪಿನ ಉಚ್ಚ ನ್ಯಾಯಾಲಯವೂ 2010ರ ಸೆಪ್ಟೆಂಬರ್ 14ರಂದು ಇಟ್ಟಿಗೆಯ ವಿಷಯದಲ್ಲಿ ಹೀಗೆಯೇ ಹೇಳಿತು.

ಆದರೆ ಗೊಂಬೆಯ ವಿಷಯ ಬೇರೆ. ಲೆಗೋದ ಪುಟ್ಟ ಮನುಷ್ಯಾಕೃತಿಯ ರೂಪವು ವ್ಯಾಪಾರಮುದ್ರೆಯಾಗಬಾರದೆಂದು ಬ್ರಿಟನ್ನಿನ ಬೆಸ್ಟ್-ಲಾಕ್ ಎಂಬ ಮತ್ತೊಬ್ಬ ಪ್ರತಿಸ್ಪರ್ಧಿಯು ಹೂಡಿದ ವ್ಯಾಜ್ಯದಲ್ಲಿ ಯೂರೋಪಿನ ನ್ಯಾಯಾಲಯವು 2015ರ ಜೂನ್ 16ರಂದು ಲೆಗೋದ ಪರವಾಗಿ ತೀರ್ಪನ್ನಿತ್ತಿತು. ಆ ತಲೆ, ಆ ತೋಳು, ಆ ಕಾಲುಗಳ ಆಕಾರಕ್ಕೆ ಮನುಷ್ಯನಂತೆ ಕಾಣುವುದೇ ಪ್ರಯೋಜನವಲ್ಲದೆ ಯಂತ್ರದ ಅವಶ್ಯಕತೆಯಿಂದ ಬಂದುದಲ್ಲವೆಂದು ತಾತ್ಪರ್ಯ. ಇದರಿಂದ ಏನಾಯಿತೆಂದರೆ, ಇಟ್ಟಿಗೆಯು ಭಾಷೆಯಂತೆ ಎಲ್ಲರದು, ಗೊಂಬೆಯು ಕಾವ್ಯದಂತೆ ಮಾಡಿದವನದು.

ಈಗ ಗೊಂಬೆಗಳನ್ನೇ ನೋಡೋಣ. ಲೆಗೋದ ಮನುಷ್ಯಾಕೃತಿಯು ಯೆನ್ಸ್ ನ್ಯೂಗೋರ್ ಕ್ನುಡ್ಸನ್ ಎಂಬ ಡೇನಿಷ್ ಶಿಲ್ಪಿಯ ಕೈಯಲ್ಲಿ 1978ರಲ್ಲಿ ರೂಪುಗೊಂಡಿತು. ಎತ್ತರ ಸುಮಾರು 4 ಸೆಂಟಿಮೀಟರು, ಎಂದರೆ ನಾಲ್ಕು ಇಟ್ಟಿಗೆಯಷ್ಟು. ಕತ್ತು ತಿರುಗುವುದು, ಭುಜ ಆಡುವುದು, ಮುಂಗೈ ಹೊರಳುವುದು, ಸೊಂಟದ ಬಳಿ ಕಾಲು ಮಡಿಸುವುದು, ಅಲ್ಲಿಗೆ ಮುಗಿಯಿತು. ಮೊಣಕೈಯಿಲ್ಲ, ಮಂಡಿಯಿಲ್ಲ. ಮೊದಲ ಹನ್ನೊಂದು ವರ್ಷ ಈ ಕುಲದವರೆಲ್ಲರ ಮುಖದಲ್ಲಿಯೂ ಎರಡು ಚುಕ್ಕೆ, ಒಂದು ನಗೆಯ ಗೆರೆ. ಬೇರೆ ಬೇರೆ ಮುಖಭಾವಗಳು ಬಂದದ್ದು 1989ರ ಕಡಲ್ಗಳ್ಳರ ಗೊಂಬೆಗಳಿಂದ ಈಚೆಗೆ. ಆಮೆಗಳಿಗಾಗಿ ಅವರು ಅದೇ ಮೈಯನ್ನು ಹಸುರು ಮಾಡಿ, ಎದೆಯ ಹಲಗೆಯನ್ನು ಅಚ್ಚಿನಿಂದ ಬರೆದು, ಬೆನ್ನಿಗೆ ಚಿಪ್ಪನ್ನು ಪ್ರತ್ಯೇಕವಾಗಿ ತೊಡಿಸಿ, ಕಣ್ಣುಪಟ್ಟಿಯ ಗಂಟುಸಹಿತವಾದ ಹೊಸ ತಲೆಯನ್ನು ಮಾತ್ರ ಎರಕಹೊಯ್ದರು. ಹೀಗಾಗಿ ಲಿಯೊನಾರ್ಡೊವಿನ ತಲೆಯನ್ನು ಕಿತ್ತು ಪೋಲೀಸಿನವನ ಮೈಗೆ ಇಡಬಹುದು. ಅಗ್ನಿಶಾಮಕದವನ ಕಾಲನ್ನು ಆಮೆಗೆ ಜೋಡಿಸಬಹುದು. ಈ ಪದ್ಧತಿಯನ್ನು ನೋಡಿದಾಗ ನಮಗೆ ವ್ಯಾಕರಣವೇ ನೆನಪಾಯಿತು. ಧಾತುಗಳು ಕೆಲವು, ಪ್ರತ್ಯಯಗಳು ಕೆಲವು. ಕೂಡಿಸಿದರೆ ಶಬ್ದಗಳು ಅಸಂಖ್ಯಾತ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಗುಬುಟುಗಳುಳ್ಳ, ಒಂದೇ ಬಣ್ಣದ ಇಟ್ಟಿಗೆಗಳು ಆರು ಇದ್ದರೆ ಅವುಗಳನ್ನು 91,51,03,765 ವಿಧವಾಗಿ ಕೂಡಿಸಬಹುದೆಂದು ಗಣಿತಜ್ಞರು ಲೆಕ್ಕಹಾಕಿರುವರು.

ಮೆಗಾದ ಆಮೆಯದು ಬೇರೆಯ ಜಾತಿ. ಅದರ ತೋಳಿನಲ್ಲಿ ಮಾಂಸಖಂಡಗಳು ಉಬ್ಬಿವೆ. ಚಿಪ್ಪಿನ ಏರಿಳಿತವು ಬೆರಳಿಗೆ ತಗಲುವುದು. ಭುಜದಲ್ಲಿಯೂ ತೊಡೆಯ ಸಂದಿನಲ್ಲಿಯೂ ಗುಂಡು ಕೀಲುಗಳು, ಮಂಡಿಯೂ ಮಡಿಸುವುದು. ಒಂದು ಕಾಲನ್ನು ಮುಂದಿಟ್ಟು, ಮೈಯನ್ನು ತುಸು ಓರೆಮಾಡಿ, ಕತ್ತಿಯನ್ನು ಬೆನ್ನಹಿಂದಕ್ಕೆ ಎತ್ತಿದ ಭಂಗಿಯಲ್ಲಿ ನಿಲ್ಲಿಸಿದರೆ ಯಕ್ಷಗಾನದ ವೇಷವೇ ಪ್ರವೇಶಮಾಡಿದಂತೆ ಇರುವುದು. ಇದನ್ನೂ ಬಿಚ್ಚಿ ಜೋಡಿಸಬಹುದಾದರೂ, ಆಮೆಯ ತೋಳು ಎಲ್ಲಿಗೆ ಹೋದರೂ ಆಮೆಯ ತೋಳೇ. ಲೆಗೋದ್ದು ವ್ಯಾಕರಣವಾದರೆ ಇದು ಅಭಿನಯ. ಲೆಗೋದ ಲಿಯೊನಾರ್ಡೊವನ್ನು ಕೈಗೆ ಕೊಟ್ಟರೆ ಮಗು, ‘ಇವನನ್ನು ಏನು ಮಾಡಲಿ?’ ಎಂದು ಯೋಚಿಸುವುದು. ಮೆಗಾದವನನ್ನು ಕೊಟ್ಟರೆ, ‘ಇವನು ಏನು ಮಾಡುತ್ತಿರುವನು?’ ಎಂದು. ನಮ್ಮ ಸ್ವಂತ ಅಭಿರುಚಿಯನ್ನು ಕೇಳುವುದಾದರೆ, ಮೊಣಕೈ ಇಲ್ಲದ ಆ ಮೊದ್ದುಗೊಂಬೆಯೇ ನಮಗೆ ಹೆಚ್ಚು ಪ್ರಿಯ. ಅದು ಮಗುವಿಗೆ ಹೆಚ್ಚು ಕೆಲಸವನ್ನು ಉಳಿಸಿರುವುದು. ಬಿಗಿಯಲ್ಲಿಯೂ ಲೆಗೋದ್ದೇ ಮೇಲು: 1958ರ ಇಟ್ಟಿಗೆಯು ಇಂದಿನ ಇಟ್ಟಿಗೆಗೆ ಹೊಂದುವುದೆಂದರೆ ಸಾಮಾನ್ಯವೆ? ಆದರೆ ಆಮೆಯು ಆಮೆಯಂತೆ ಕಾಣಬೇಕೆಂಬುವರು ಮೆಗಾದವರಿಗೇ ಹೆಚ್ಚು ಅಂಕ ಕೊಡಬೇಕಾಗುವುದು. ಉತ್ತರಪತ್ರಿಕೆಗಳನ್ನು ತಿದ್ದಿ ಅಭ್ಯಾಸವಾದ ಕೈ ನಮ್ಮದು. ಇವೆರಡನ್ನು ಒಂದೇ ಪ್ರಶ್ನೆಗೆ ಬರೆದ ಉತ್ತರಗಳೆಂದು ಹೇಳಬಹುದು, ಒಬ್ಬನು ಇನ್ನೊಬ್ಬನದನ್ನು ನೋಡಿ ಬರೆದನೆಂದು ಹೇಳಲಾಗದು.

ಈ ಭೇದವನ್ನು ಹೇಳಲು ನಮ್ಮ ಆಲಂಕಾರಿಕರೇ ಶಬ್ದಗಳನ್ನು ಕೊಟ್ಟಿರುವರು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ, ಒಬ್ಬ ಕವಿಯ ವಸ್ತು ಮತ್ತೊಬ್ಬನದನ್ನು ಹೋಲುವುದುಂಟೆಂದು ಒಪ್ಪಿ, ಆ ಹೋಲಿಕೆಯನ್ನು ಮೂರು ವಿಧವಾಗಿ ವಿಂಗಡಿಸಿದನು. ಒಂದು, ಕನ್ನಡಿಯ ಪ್ರತಿಬಿಂಬದಂತೆ. ಅದಕ್ಕೆ ತನ್ನದೆಂಬ ಜೀವವಿಲ್ಲ, ತ್ಯಾಜ್ಯ. ಎರಡು, ಚಿತ್ರಪಟದಂತೆ, ಜೀವವಿದ್ದರೂ ತುಚ್ಛವಾದದ್ದು, ಅದೂ ಬೇಡ. ಮೂರು, ಇಬ್ಬರು ಮನುಷ್ಯರ ಮೈಕಟ್ಟು ಒಂದೇ ತೆರನಾಗಿರುವಂತೆ. ಇಬ್ಬರಲ್ಲಿಯೂ ಬೇರೆ ಬೇರೆ ಆತ್ಮವಿರುವುದರಿಂದ ಕವಿಯು ಇದನ್ನು ಬಿಡಬೇಕಾಗಿಲ್ಲ. ಮೆಗಾದ ಆಮೆಯು ಈ ಮೂರನೆಯ ವರ್ಗಕ್ಕೆ, ತುಲ್ಯದೇಹಿಯ ವರ್ಗಕ್ಕೆ, ಸೇರುವುದು. ಕಥೆಯ ಒಡೆಯರಿಂದ ಅನುಮತಿಯನ್ನು ಪಡೆದು, ತನ್ನ ಹೆಸರನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ, ತನ್ನದೇ ಅಚ್ಚಿನಲ್ಲಿ ಎರಕಹೊಯ್ದ ಗೊಂಬೆಯನ್ನು ನಕಲಿ ಎನ್ನುವುದಾದರೆ, ಒಂದೇ ರಾಮಕಥೆಯನ್ನು ಹೇಳಿದ ನಮ್ಮ ಕವಿಗಳಲ್ಲಿ ಎಷ್ಟು ಜನರು ಉಳಿದಾರು?

ಪ್ರತಿಬಿಂಬದ ವರ್ಗವೂ ಇಲ್ಲದಿಲ್ಲ. ಚೀನಾ ದೇಶದಲ್ಲಿ ಲೆಪಿನ್ ಎಂಬ ಹೆಸರಿನಲ್ಲಿ ಲೆಗೋದ ಪೆಟ್ಟಿಗೆಗಳನ್ನು ಚಿತ್ರ, ಎಣಿಕೆ, ಗೊಂಬೆಗಳ ಸಮೇತ ಇದ್ದಹಾಗೆಯೇ ಇಳಿಸಿ ಮಾರುತ್ತಿದ್ದರು. 2019ರಲ್ಲಿ ಶಾಂಘಾಯಿಯ ಪೋಲೀಸರು ಆ ಕಾರ್ಖಾನೆಗೆ ಮುತ್ತಿಗೆಹಾಕಿದರು. 2020ರಲ್ಲಿ ಅಲ್ಲಿಯ ನ್ಯಾಯಾಲಯವು ಒಂಬತ್ತು ಜನರಿಗೆ ಶಿಕ್ಷೆಯನ್ನು ವಿಧಿಸಿತು, ಮುಖ್ಯಸ್ಥನಿಗೆ ಆರು ವರ್ಷ. ಅಂತಹವುಗಳ ಮರಿಮಕ್ಕಳು ನಮ್ಮ ಜಾತ್ರೆಯ ಅಂಗಡಿಗಳಲ್ಲಿಯೂ ಸಿಕ್ಕುವುವು. ಒಂದನ್ನು ನಾವೇ ಕೊಂಡುತಂದು ಹುಡುಗರ ಮುಂದೆ ಪರೀಕ್ಷೆಗೆ ಇಟ್ಟೆವು. ಹೆಸರಿಲ್ಲ, ಊರಿಲ್ಲ. ಮುಖದ ಅಚ್ಚು ಅರ್ಧ ಬೆರಳಗಲ ಪಕ್ಕಕ್ಕೆ ಸರಿದು, ಕಣ್ಣು ಕಿವಿಯ ಹತ್ತಿರ ಬಂದಿತ್ತು. ಕಾಲನ್ನು ಮಡಿಸಿದಾಗ ಸೊಂಟವೇ ಕೈಗೆ ಬಂದಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ‘ಡೂಪ್ಲಿಕೇಟೆಂದರೆ ಇದಪ್ಪಾ’ ಎಂದೆವು.

ಆ ಸಂಜೆ ಪೆಟ್ಟಿಗೆಯಲ್ಲಿದ್ದ ಲೆಗೋ ಇಟ್ಟಿಗೆಗಳಿಂದ ಒಂದು ಹಲಗೆಯನ್ನು ಕಟ್ಟಿ, ಅದರ ಮೇಲೆ ಮೆಗಾದ ರಫಾಯೆಲನನ್ನು ನಿಲ್ಲಿಸೆಂದು ಚಿಕ್ಕವನಿಗೆ ಹೇಳಿದೆವು. ಪಾದವು ಗುಬುಟಿನ ಮೇಲೆ ಟಕ್ಕೆಂದು ಕುಳಿತಿತು. ದೊಡ್ಡವನು ಅದನ್ನು ಅಲ್ಲಾಡಿಸಿ ನೋಡಿದನು, ಬೀಳಲಿಲ್ಲ. ನ್ಯಾಯಾಲಯಗಳ ಕಥೆಯನ್ನು ಹೇಳಿದೆವು. ಅರ್ಧ ಕೇಳಿದರು, ಅರ್ಧ ಕೇಳಲಿಲ್ಲ. ದೊಡ್ಡವನ ಮನಸ್ಸನ್ನು ಒಲಿಸಿದ್ದು ನಮ್ಮ ಆನಂದವರ್ಧನನಲ್ಲ, ರಫಾಯೆಲನ ಮಂಡಿ. ‘ಇದು ಮೊಣಕಾಲೂರಿ ಕೂತ್ಕೊಳ್ಳುತ್ತೆ ತಾತಾ! ನನ್ನದು ಕೂತ್ಕೊಳ್ಳಲ್ಲ’ ಎಂದು ನಾಲ್ಕಾರು ಸಲ ಮಡಿಸಿ ಬಿಡಿಸಿ ನೋಡಿದನು. ‘ನಮ್ಮಪ್ಪ ತರಿಸಿದ್ದು’ ಎಂದು ಚಿಕ್ಕವನು ಹೇಳಿದ ಧ್ವನಿಯು ಒಳಮನೆಯಲ್ಲಿದ್ದ ನಮ್ಮ ಮಗಳಿಗೂ ಕೇಳಿಸಿರಬೇಕು.

ಒಂದು ತೊಡಕು ಉಳಿಯಿತು. ಆಮೆಗಳು ಎಂಟು, ಗುರುವು ಲೆಗೋ ಪೆಟ್ಟಿಗೆಯ ಇಲಿ ಒಬ್ಬನೇ. ಬಹಳ ಚರ್ಚೆಯಾಗಿ, ಎಂಟೂ ಅವನ ಶಿಷ್ಯರೇ ಎಂದು ತೀರ್ಮಾನವಾಯಿತು. ಏಕೋಪಾಧ್ಯಾಯ ಶಾಲೆಯಲ್ಲಿ ಎರಡು ತರಗತಿಗಳನ್ನು ಒಟ್ಟಿಗೆ ನಡೆಸುವುದೇನೂ ಹೊಸದಲ್ಲವಷ್ಟೆ. ಅನಂತರ ಒಂದೇ ಹೆಸರಿನ ಇಬ್ಬರನ್ನು ಕರೆಯುವುದು ಹೇಗೆಂದು ನಮ್ಮ ಬಳಿಗೆ ಬಂದರು. ನಮ್ಮ ತರಗತಿಗಳಲ್ಲಿ ಮೂವರು ಮಂಜುನಾಥರಿದ್ದ ವರ್ಷಗಳುಂಟು. ಆಗ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಸೇರಿಸುತ್ತಿದ್ದೆವೆಂದು ಹೇಳಿದೆವು. ಹುಡುಗರು ತಮ್ಮಲ್ಲಿಯೇ ಆಲೋಚಿಸಿ ‘ನೆಟ್ಟಗಾಲು ಲಿಯೊನಾರ್ಡೊ’, ‘ಮಂಡಿ ಲಿಯೊನಾರ್ಡೊ’ ಎಂದು ನಾಮಕರಣ ಮಾಡಿರುವರು. ದಿನವೂ ಮಧ್ಯಾಹ್ನ ಎರಡು ಗಂಟೆಗೆ ಚಾಪೆಯ ಮೇಲೆ ಶಾಲೆ ಸೇರುವುದು. ಹಾಜರಿ ಕೂಗುವ ಕೆಲಸವನ್ನು ನಮಗೆ ವಹಿಸಿರುವರು.